ಊಟದ ಹೊತ್ತಿಗೆ ಮನೆ: ದಕ್ಷಿಣ ಫ್ರಾನ್ಸ್‌ನಲ್ಲಿ ಅರ್ಧ ದಿನದ ತಿರುಗಾಟಗಳು

"ಎಲ್ಲಿಗಾದ್ರೂ ಕರ್ಕೊಂಡು ಹೋಗು. ಒಂದು ಗಂಟೆಗೆ ನನಗೆ ಅನ್ನ ಬೇಕು, ಆಮೇಲೆ ಒಂದು ಗಳಿಗೆ ಅಡ್ಡಾಗಬೇಕು ಅಷ್ಟೇ." ತುಮಕೂರಿನಿಂದ ನಮ್ಮ ಜೊತೆ ಇರಲು ನೆದರ್ಲೆಂಡ್ಸ್‌ಗೆ ಬಂದಿದ್ದ ಅಮ್ಮ ಹಾಕಿದ ಷರತ್ತು ಇದು. ಹಾಗಾಗಿ ದಕ್ಷಿಣ ಫ್ರಾನ್ಸ್‌ನ ಎಂಟು ದಿನಗಳನ್ನು ಅರ್ಧರ್ಧ ಮಾಡಿಕೊಂಡೆವು. ಬೆಳಿಗ್ಗೆ ಎಂಟಕ್ಕೆ ಹೊರಡುವುದು, ಒಂದರೊಳಗೆ ವಾಪಸ್.

ಅವಿನ್ಯೋಂವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ಉಳಿದದ್ದು ಉಜೆಸ್ ಎಂಬ ಸಣ್ಣ ಊರಿನಲ್ಲಿ. ತಿಳಿ ಹಳದಿ ಕಲ್ಲಿನ ಮನೆಗಳು, ಕಮಾನು ಮೊಗಸಾಲೆಗಳು, ಶನಿವಾರದ ದೊಡ್ಡ ಸಂತೆ. ಇರುವುದರಲ್ಲೇ ಚಿಕ್ಕ ಕಾರು ತೆಗೆದುಕೊಂಡದ್ದು ಒಳ್ಳೆಯದಾಯಿತು. ಇಲ್ಲಿನ ಓಣಿಗಳಲ್ಲಿ ಎರಡೂ ಕಡೆ ಕನ್ನಡಿ ಮಡಿಸಿಕೊಂಡು ಹೋಗಬೇಕು. ಊರಾಚೆ ಮಾತ್ರ ರಸ್ತೆ ಆರಾಮ. ದ್ರಾಕ್ಷಿ ತೋಟ, ಕುರುಚಲು ಕಾಡು, ಪ್ರತಿ ಎರಡು ಕಿಲೋಮೀಟರಿಗೆ ಒಂದು ವೃತ್ತ. ಮೊದಲ ದಿನ ಒಂದು ವೃತ್ತವನ್ನು ಮೂರು ಸಲ ಸುತ್ತಿದೆ. "ಪ್ರದಕ್ಷಿಣೆ ಆಯ್ತಲ್ಲ, ಇನ್ನು ಹೊರಡು" ಎಂದರು ಅಮ್ಮ.

ಷರತ್ತು ಅಮ್ಮನದು ಮಾತ್ರ ಅಲ್ಲ, ಊರಿನದೂ ಹೌದು ಎಂದು ಅದೇ ದಿನ ಗೊತ್ತಾಯಿತು. ಹನ್ನೆರಡೂವರೆ ದಾಟಿದ ಮೇಲೆ ಬ್ರೆಡ್ ತರಲು ಹೋದರೆ ಬೇಕರಿ ಬಾಗಿಲು ಹಾಕಿತ್ತು. ಪಕ್ಕದ ತರಕಾರಿ ಅಂಗಡಿಯೂ ಅಷ್ಟೇ. ನನಗೆ ಸಿಟ್ಟು ಬಂತು. ಅಮ್ಮನಿಗೆ ಬರಲಿಲ್ಲ. "ಅಂಗಡಿಯವನಿಗೆ ಹೊಟ್ಟೆ ಇರಲ್ವಾ?"

ಮೊದಲ ತಿರುಗಾಟ ಪೋಂ ದು ಗಾರ್‌ಗೆ. ಹದಿನೈದು ಕಿಲೋಮೀಟರು, ಇಪ್ಪತ್ತು ನಿಮಿಷ. ಫೋಟೋದಲ್ಲಿ ನೋಡಿ ನೋಡಿ ಇದರಲ್ಲಿ ಹೊಸದೇನಿದೆ ಅಂದುಕೊಂಡಿದ್ದೆ. ಕಾರು ನಿಲ್ಲಿಸಿ, ಮರಗಳ ನಡುವೆ ಹತ್ತು ನಿಮಿಷ ನಡೆದು, ತಿರುವು ದಾಟಿದ ಕೂಡಲೇ ಅದು ಎದುರಿಗೆ ನಿಂತಿತ್ತು. ನಾವು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಾರ್ದೋಂ ನದಿಯ ಮೇಲೆ ಮೂರು ಅಂತಸ್ತು ಕಮಾನುಗಳು, ಎತ್ತರ ಸುಮಾರು 49 ಮೀಟರ್. ಕೆಳಗೆ ಆರು, ನಡುವೆ ಹನ್ನೊಂದು. ಮೇಲಿನ ಸಾಲನ್ನು ಏಳು ವರ್ಷದ ಮಗಳು ಎಣಿಸಿದಳು. ಒಂದು ಸಲ ಮೂವತ್ತಮೂರು ಬಂತು, ಇನ್ನೊಂದು ಸಲ ಮೂವತ್ತಾರು. ನಿಜಕ್ಕೂ ಇರುವುದು 35.

ನೋಡಿದವರೆಲ್ಲ ಸೇತುವೆ ಅಂತಾರೆ. ರೋಮನ್ನರು ಕಟ್ಟಿದ್ದು ಜನ ದಾಟಲಿಕ್ಕಲ್ಲ, ನೀರು ದಾಟಲಿಕ್ಕೆ. ಉಜೆಸ್ ಬಳಿಯ ಒಂದು ಊಟೆಯ ನೀರನ್ನು ನೀಮ್ ನಗರಕ್ಕೆ ಒಯ್ಯುತ್ತಿದ್ದ ಕಾಲುವೆಯ ಒಂದು ತುಣುಕು ಇದು. ನೇರ ಹೋದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ನಡುವೆ ಗುಡ್ಡಗಳಿವೆ, ಅದಕ್ಕೆ ಸುತ್ತಿ ಬಳಸಿ ಸುಮಾರು 50 ಕಿಲೋಮೀಟರ್ ಕಾಲುವೆ ತೋಡಿದರು. ಬಹುಪಾಲು ನೆಲದೊಳಗೇ ಹೋಗುತ್ತದೆ. ಇಷ್ಟುದ್ದ ಕಾಲುವೆಯ ಒಟ್ಟು ಇಳಿಜಾರು ಹನ್ನೆರಡು ಹದಿಮೂರು ಮೀಟರು ಮಾತ್ರ. ಅಂದರೆ ಕಿಲೋಮೀಟರಿಗೆ ಒಂದು ಗೇಣಿನಷ್ಟು! ಪಂಪ್ ಇಲ್ಲ, ಏನಿಲ್ಲ. ಎರಡು ಸಾವಿರ ವರ್ಷದ ಹಿಂದೆ ಆ ಅಳತೆ ಹೇಗೆ ಹಿಡಿದರೋ! ನಮ್ಮ ಬಚ್ಚಲುಮನೆಯ ನೆಲದಲ್ಲಿ ನೀರು ಇವತ್ತಿಗೂ ಮೂಲೆಯಲ್ಲೇ ನಿಲ್ಲುತ್ತದೆ.

ಕೆಳಗಿನ ಎರಡು ಅಂತಸ್ತಿನ ಕಲ್ಲುಗಳ ನಡುವೆ ಗಾರೆಯೇ ಇಲ್ಲ. ಕೆಲವು ಕಲ್ಲು ಆರು ಟನ್ ತೂಗುತ್ತವಂತೆ. ಅಲ್ಲಲ್ಲಿ ಮೊಳೆಯಂತೆ ಕಲ್ಲುಗಳು ಹೊರಚಾಚಿವೆ. ಕಟ್ಟುವಾಗ ಸಾರುವೆ ನಿಲ್ಲಿಸಲು ಬಿಟ್ಟವು, ಆಮೇಲೆ ಯಾರೂ ಕೆತ್ತಿ ತೆಗೆಯಲಿಲ್ಲ. ಮೇಲಿನ ಕಾಲುವೆಯ ಗೋಡೆಗೆ ಸುಣ್ಣದ ಪದರ ದಪ್ಪಕ್ಕೆ ಕಟ್ಟಿದೆ. "ನಮ್ಮ ಬೋರ್‌ವೆಲ್ ನೀರಿನ ಹಂಡೆ ಇದ್ದ ಹಾಗೆ" ಎಂದರು ಅಮ್ಮ. ನದಿಯಲ್ಲಿ ಮಕ್ಕಳು ಈಜುತ್ತಿದ್ದರು, ಜೀರುಂಡೆಗಳು ಕಿವಿ ತೂತಾಗುವಂತೆ ಕೂಗುತ್ತಿದ್ದವು. ಒಂದಕ್ಕೆ ಸರಿಯಾಗಿ ಅನ್ನ ಸಾರು.

ಎರಡು ದಿನ ಬಿಟ್ಟು ಏಗ್-ಮೋರ್ತ್‌ಗೆ ಹೋದೆವು. ಅರ್ಧ ದಿನಕ್ಕೆ ಇದು ಹೆಚ್ಚಾಯಿತು, ಹೋಗಲಿಕ್ಕೇ ಗಂಟೆ ಮೇಲೆ ಬೇಕು. ಸುತ್ತ ಕೋಟೆ, ಒಳಗೆ ಐಸ್‌ಕ್ರೀಮ್ ಅಂಗಡಿಗಳು. ಗೋಡೆ ಹತ್ತಿದರೆ ದೂರಕ್ಕೆ ಗುಲಾಬಿ ಬಣ್ಣದ ಉಪ್ಪಿನ ಮಡಿಗಳು ಕಾಣುತ್ತವೆ. ಉಪ್ಪು ನೀರಿನಲ್ಲಿ ಬೆಳೆಯುವ ಒಂದು ಪಾಚಿಯಿಂದ ಆ ಬಣ್ಣ. ಅಮ್ಮನಿಗೆ ಅಲ್ಲಿ ಖುಷಿ ಕೊಟ್ಟದ್ದು ಕೋಟೆಯಲ್ಲ, ಅಂಗಡಿಯಲ್ಲಿ ಸಿಕ್ಕ ಕೆಂಪಕ್ಕಿ. ಪಕ್ಕದ ಕಮಾರ್ಗ್ ಜೌಗು ನೆಲದಲ್ಲಿ ಭತ್ತ ಬೆಳೆಯುತ್ತಾರೆ. ಒಂದು ಕೆ.ಜಿ. ತಂದೆವು. ಬೇಯಲು ಮುಕ್ಕಾಲು ಗಂಟೆ ಹಿಡಿಯಿತು, ಊಟ ಮೂರಕ್ಕೆ. ಷರತ್ತು ಮುರಿದಿದ್ದು ಅದೊಂದೇ ದಿನ.

ನೀಮ್‌ಗೆ ಎಲ್ಲರೂ ಹೋಗುವುದು ರೋಮನ್ ಕಾಲದ ಅಖಾಡ ನೋಡಲು. ನಾವೂ ನೋಡಿದೆವು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಜೋಂ ಕಾರೇ ಗುಡಿಯನ್ನೂ ಹೊರಗಿನಿಂದ ಸುತ್ತಿದೆವು. ಮಗಳು ಮಾತ್ರ ನೆಲ ನೋಡಿಕೊಂಡೇ ನಡೆದಳು. ತಾಳೆ ಮರಕ್ಕೆ ಕಟ್ಟಿದ ಮೊಸಳೆ ಈ ನಗರದ ಲಾಂಛನ, ಕಾಲುದಾರಿಗಳಲ್ಲೆಲ್ಲ ಅದರ ಬಿಲ್ಲೆಗಳನ್ನು ಹುದುಗಿಸಿದ್ದಾರೆ.

ನನಗೆ ಬೇಕಿದ್ದದ್ದು ಇನ್ನೊಂದು. ಗುಡ್ಡದ ಕಡೆ ಏರುವ ಸುಮ್ನೆ ಒಂದು ಬೀದಿ. ಅದರ ಪಕ್ಕ, ಕಂಬಿಯ ಹಿಂದೆ, ದುಂಡನೆಯ ತಗ್ಗು ಕಲ್ಲಿನ ತೊಟ್ಟಿ. 50 ಕಿಲೋಮೀಟರ್ ನಡೆದ ನೀರು ಬಂದು ಬೀಳುತ್ತಿದ್ದದ್ದು ಇಲ್ಲಿಗೆ. ಗೋಡೆಯಲ್ಲಿ ಸಾಲಾಗಿ ಹತ್ತು ದುಂಡನೆಯ ತೂತು. ಅಲ್ಲಿಂದ ಸೀಸದ ಕೊಳವೆಗಳಲ್ಲಿ ಊರಿಗೆಲ್ಲ ನೀರು. ಟಿಕೆಟ್ ಇಲ್ಲ, ಜನ ಇಲ್ಲ. ಹೆಂಡತಿ ಗಡಿಯಾರ ನೋಡಿದಳು. ಅಮ್ಮ ಕಂಬಿ ಹಿಡಿದು ಬಗ್ಗಿ ನಿಂತಿದ್ದರು.

"ಇದು ತೂಬು ಕಣೋ."

ಅಮ್ಮನ ತವರಿನ ಕೆರೆಗೆ ನೀರಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಿ ತೂಬು ಎತ್ತುವವನು ಅವನೇ. ಕೂಲಿ ಸುಗ್ಗಿಯಲ್ಲಿ, ಭತ್ತದ ರೂಪದಲ್ಲಿ. ಅವನ ಜೊತೆ ಜಗಳ ಆಡದ ಮನೆಯೇ ಇರಲಿಲ್ಲವಂತೆ. "ಇಲ್ಲೂ ಒಬ್ಬ ಇದ್ದಿರ್ತಾನೆ. ಅವನನ್ನೂ ಬೈದಿರ್ತಾರೆ." ವಾಪಸ್ ಬರುವಾಗ ಪೂರ್ತಿ ನೀರಗಂಟಿಯ ಕಥೆಯೇ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಕೊನೆಯ ಬೆಳಿಗ್ಗೆ ಊಟೆ ಎಲ್ಲಿದೆ ಎಂದು ಹುಡುಕಿದೆವು. ನಾವು ಉಳಿದಿದ್ದ ಊರಿನ ಕಾಲಬುಡದಲ್ಲೇ ಇತ್ತು! ದಿನಾ ಸಂಜೆ ಚರ್ಚಿನ ಪಕ್ಕದ ಕಟ್ಟೆಯಿಂದ ನೋಡುತ್ತಿದ್ದ ಹಸಿರು ಕಣಿವೆ ಅದೇ. ನಡೆದರೆ ಕಡಿದಾದ ಇಳಿಜಾರು, ಅಮ್ಮನ ಮಂಡಿಗೆ ಆಗದು. ಕಾರಿನಲ್ಲಿ ಸುತ್ತಿ ಹೋದೆವು, ಐದು ನಿಮಿಷ. ಮರದ ನೆರಳು, ಅಲ್ಜಾನ್ ಎಂಬ ಸಣ್ಣ ಹೊಳೆ. ಹುಲ್ಲಿನ ನಡುವೆ ರೋಮನ್ನರ ಕಲ್ಲಿನ ತೊಟ್ಟಿಯ ಅವಶೇಷ. ನೀರು ಜಾಸ್ತಿ ಬಂದರೆ ಇಲ್ಲಿಂದಲೇ ಹೊಳೆಗೆ ಬಿಡುತ್ತಿದ್ದರು. ಮಗಳು ಒಂದು ಒಣ ಎಲೆಯನ್ನು ಹೊಳೆಗೆ ಬಿಟ್ಟು, "ಅಜ್ಜೀ, ಇದು ಆ ದೊಡ್ಡ ಸೇತುವೆಗೆ ಹೋಗತ್ತಾ?" ಎಂದಳು.

"ಹೋಗತ್ತೆ. ನಡಿ, ಅನ್ನಕ್ಕಿಡಬೇಕು."