ತಾಳವಾಡಿ ಕಾಡಲ್ಲಿ ಹುಲ್ಲು ಮರಳಿದ ಜಾಗ

ಚಾಮರಾಜನಗರದಲ್ಲಿ ತಾಳವಾಡಿ ಬಸ್ಸು ಹತ್ತಿದರೆ ರಾಜ್ಯ ಬದಲಾಗಿದ್ದು ಬೋರ್ಡು ನೋಡಿದಾಗಷ್ಟೇ ಗೊತ್ತಾಗುತ್ತದೆ. ಅಂಗಡಿಯ ಹಣೆ ಮೇಲೆ ತಮಿಳು, ಒಳಗೆ ಮಾತೆಲ್ಲ ಕನ್ನಡ. ಈರೋಡ್ ಜಿಲ್ಲೆಯ ಬೆಟ್ಟದ ಮೇಲಿನ ತುದಿ ಇದು. ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದೂ ಇಲ್ಲೇ. ನಮ್ಮಕ್ಕನನ್ನು ಕೊಟ್ಟಿರುವುದೂ ಈ ಕಡೆಗೇ. ತಾಳವಾಡಿಯಿಂದ ತಲಮಲೆ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿಗೆ ಅಂಟಿಕೊಂಡ ಹೊಲ ಅವರದ್ದು. ಡಿಸೆಂಬರ್ ಕೊನೆ ವಾರ ನಾಲ್ಕು ದಿನ ಇದ್ದು ಬರೋಣ ಅಂತ ಹೋಗಿದ್ದೆ.

ಮೊದಲ ರಾತ್ರಿಯೇ ಭಾವ ನನ್ನನ್ನು ಅಟ್ಟಣೆಗೆ ಕರೆದುಕೊಂಡು ಹೋದರು. ಹೊಲದ ಅಂಚಿನ ಹುಣಸೆ ಮರದ ಕವಲಿಗೆ ಬಿದಿರು ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿದ ಜಾಗ. ಒಂದು ಟಾರ್ಚು, ಒಂದಿಷ್ಟು ಪಟಾಕಿ, ಫ್ಲಾಸ್ಕಿನಲ್ಲಿ ಕಾಫಿ. ಕೆಳಗೆ ಮುಸುಕಿನ ಜೋಳ, ಆಚೆ ಬಾಳೆ. ಹೊಲಕ್ಕೂ ಕಾಡಿಗೂ ನಡುವೆ ಆನೆ ಕಂದಕ ಇದೆ. ಆದರೆ ಮಳೆಗೆ ಅದರ ದಂಡೆ ಎರಡು ಕಡೆ ಕುಸಿದಿತ್ತು. ಸೋಲಾರ್ ತಂತಿಯೂ ಇದೆ. ಹಂಬು ಹಬ್ಬಿ ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದು ಹೋಗುತ್ತದೆ, ಆಮೇಲೆ ಆ ತಂತಿಗೂ ಬಟ್ಟೆ ಒಣಗಿಸುವ ತಂತಿಗೂ ವ್ಯತ್ಯಾಸ ಇಲ್ಲ. ವಾರಕ್ಕೊಂದು ಸಲ ಯಾರಾದರೂ ಕುಡುಗೋಲು ಹಿಡಿದು ಅದರ ಬುಡ ಸವರಲೇಬೇಕು ಅಂದರು ಭಾವ.

ಎರಡು ಗಂಟೆ ಹೊತ್ತಿಗೆ ಬಾಳೆ ಮುರಿದ ಸದ್ದು ಕೇಳಿತು. ಭಾವ ಕೂಗಿದರು, ಪಕ್ಕದ ಹೊಲದವರೂ ಕೂಗಿದರು, ಪಟಾಕಿ ಸಿಡಿಯಿತು. ನನಗೆ ಟಾರ್ಚಿನ ಬೆಳಕಲ್ಲಿ ಕಂಡಿದ್ದು ಒಂದು ದೊಡ್ಡ ಬೆನ್ನು ಮಾತ್ರ. ಅವಸರವೇ ಇಲ್ಲದೆ ಕತ್ತಲಿಗೆ ಸರಿದು ಹೋಯಿತು. ಬೆಳಗ್ಗೆ ಹೋಗಿ ನೋಡಿದರೆ ಬಾಳೆ ಗೊನೆ ಬಿಟ್ಟ ಮೂರು ಬುಡ ಸೀಳಿ ಬಿದ್ದಿದ್ದವು. ಪಕ್ಕದಲ್ಲೇ ಲದ್ದಿ. ಅದರ ತುಂಬ ಅರಗದ ಜೋಳದ ಕಾಳು, ಹಳದಿ ಹಳದಿಯಾಗಿ ಹಾಗೇ ಇತ್ತು. ಭಾವ ಅದನ್ನೇ ನೋಡುತ್ತ ತುಂಬ ಹೊತ್ತು ನಿಂತರು. ಅವರು ಆನೆಗೆ ಬೈಯಲಿಲ್ಲ. "ಕಾಡೊಳಗೆ ಅದಕ್ಕೆ ತಿನ್ನೋಕೆ ಏನಿದೆ ಅಂತ ನಾಳೆ ತೋರಿಸ್ತೀನಿ ಬಾ" ಅಂದರು.

ಈ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2008ರಲ್ಲಿ ವನ್ಯಧಾಮ ಆಯಿತು, 2011ರಲ್ಲಿ ಅದರ ಗಡಿ ಹಿಗ್ಗಿತು, 2013ರಲ್ಲಿ ಹುಲಿ ಯೋಜನೆಗೆ ಸೇರಿತು. 1,400 ಚದರ ಕಿಲೋಮೀಟರಿಗೂ ಜಾಸ್ತಿ ಇದೆ. ಒಂದು ಕಡೆ ನಮ್ಮ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ, ಮುದುಮಲೆ. ಪೂರ್ವಘಟ್ಟದ ಕಾಡು ಪಶ್ಚಿಮಘಟ್ಟಕ್ಕೆ ಕೈ ಕೊಡುವ ಜಾಗ ಇದು. ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ ನೋಡಿ, ಪುಣಜನೂರು ಕಡೆಯಿಂದ ಹೊರಟು ಮೋಯಾರ್ ಕಣಿವೆಗೂ ಇಳಿಯುತ್ತವೆ. ವೀರಪ್ಪನ್ ಕಾಲದಲ್ಲಿ ಈ ಕಾಡಿನ ಹೆಸರು ಕೇಳಿದರೆ ಜನ ಹೆದರುತ್ತಿದ್ದರು. ಅದೇ ಕಾಡಿಗೆ, ಹುಲಿಗಳ ಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿಯಾಗಿದ್ದಕ್ಕೆ, 2022ರಲ್ಲಿ ಟಿಎಕ್ಸ್2 ಅನ್ನುವ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ನನಗೆ ನಿಜವಾಗಿ ಖುಷಿಯಾಗುವ ವಿಷಯ ಇದು. ಆದರೆ ಹುಲಿ ಎಣಿಸಿ ಚಪ್ಪಾಳೆ ತಟ್ಟುವಾಗ ಕೆಳಗಿನ ನೆಲವನ್ನೂ ಒಮ್ಮೆ ನೋಡಬೇಕು, ಅಲ್ವಾ?

ಮಾರನೇ ದಿನ ಅನುಮತಿ ಪಡೆದು, ವಾಚರ್ ಒಬ್ಬರ ಜೊತೆ ಒಳಗೆ ಹೋದೆವು. ಮೊದಲ ಅರ್ಧ ಗಂಟೆ ದಾರಿಯ ಎರಡೂ ಕಡೆ ಕಂಡಿದ್ದು ಒಂದೇ ಗಿಡ. ಲಂಟಾನ. ಆಳೆತ್ತರಕ್ಕೆ ಬೆಳೆದು, ಮರಗಳ ಮೇಲೂ ಹತ್ತಿತ್ತು. ಕೆಂಪು, ಹಳದಿ, ಗುಲಾಬಿ ಹೂವು ನೋಡಿದರೆ ಚೆಂದವೇ. ಚೆಂದ ಅಂತಲೇ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದ ಈ ಗಿಡವನ್ನು ತೋಟಕ್ಕೆ ತಂದಿದ್ದು. ಈಗ ದೇಶದ ಹುಲಿ ಕಾಡುಗಳ ಶೇ 40ಕ್ಕೂ ಜಾಸ್ತಿ ಜಾಗದಲ್ಲಿ ಇದು ಕೂತಿದೆ ಅನ್ನುತ್ತದೆ 2020ರ ಒಂದು ಅಧ್ಯಯನ. ಎಲೆಯಲ್ಲಿ ವಿಷ ಇರುವುದರಿಂದ ಜಿಂಕೆ, ಕಡವೆ ಮೂಸಿ ಬಿಟ್ಟುಬಿಡುತ್ತವೆ. ಹಣ್ಣನ್ನು ಮಾತ್ರ ಪಿಕಳಾರ, ಗೊರವಂಕಗಳು ಇಷ್ಟಪಟ್ಟು ತಿಂದು, ಕೂತಲ್ಲೆಲ್ಲ ಬೀಜ ಬೀಳಿಸುತ್ತವೆ. ಒಂದು ಆನೆಗೆ ದಿನಕ್ಕೆ 150 ಕಿಲೋದಷ್ಟು ಮೇವು ಬೇಕು. ನಾನು ಬಗ್ಗಿ ಪೊದೆಯ ಬುಡ ನೋಡಿದೆ. ಬರಿ ಮಣ್ಣು, ಒಣ ಕಡ್ಡಿ. ಒಂದು ಎಸಳು ಹುಲ್ಲಿಲ್ಲ. ಹೊಲದಲ್ಲಿ ಕಂಡ ಆ ಹಳದಿ ಕಾಳು ನೆನಪಾಯಿತು.

ಮುಂದೆ ಹತ್ತು ಹನ್ನೆರಡು ಜನ ಕೆಲಸ ಮಾಡುತ್ತಿದ್ದರು. ಹತ್ತಿರದ ಹಾಡಿಯ ಸೋಲಿಗರು, ಊರಾಳಿಗಳು. ಅವರಲ್ಲಿ ವಯಸ್ಸಾದ ಒಬ್ಬ ತಾತ ಗುದ್ದಲಿ ಹಿಡಿದು ಹೇಗೆ ಅಂತ ತೋರಿಸಿದರು. ಗಿಡ ಕಡಿದರೆ ಪ್ರಯೋಜನ ಇಲ್ಲ, ಬುಡದಿಂದ ಮತ್ತೆ ನಾಲ್ಕು ಪಟ್ಟು ಚಿಗುರುತ್ತದೆ. ಪೂರ್ತಿ ಅಗೆದು ತೆಗೆದರೆ ಮಣ್ಣು ಸಡಿಲವಾಗಿ, ಒಳಗಿದ್ದ ಬೀಜವೆಲ್ಲ ಮೊಳೆಯುತ್ತದೆ. ಅದಕ್ಕೇ ಬುಡದ ಸುತ್ತ ಎರಡು ಮೂರು ಬೆರಳಿನಷ್ಟು ಮಣ್ಣು ಸರಿಸಿ, ಅಲ್ಲಿ ಮುಖ್ಯ ಬೇರಿಗೆ ಒಂದೇ ಏಟು. ಗಿಡವನ್ನು ಎತ್ತಿ, ಬೇರು ಆಕಾಶಕ್ಕೆ ಬರುವ ಹಾಗೆ ತಲೆಕೆಳಗು ಮಾಡಿ ಇನ್ನೊಂದು ಪೊದೆಯ ಮೇಲೆ ಒರಗಿಸುವುದು. ಬೇರು ಮಣ್ಣಿಗೆ ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಜೊತೆಯವರು ರೂಪಿಸಿದ ವಿಧಾನ ಇದು. ನಾನೂ ಗುದ್ದಲಿ ಇಸಿದುಕೊಂಡೆ. ಮುಳ್ಳು ತರಚಿ, ಐದನೇ ಗಿಡಕ್ಕೆ ಅಂಗೈ ಬೊಬ್ಬೆ ಬಂತು. ತಾತ ಅಷ್ಟರಲ್ಲಿ ಇಪ್ಪತ್ತು ಮುಗಿಸಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಹಳೇ ಕಾಲದ ಮಾತು ತೆಗೆದರು. "ಆಗ ನಾವು ತರಗು ಬೆಂಕಿ ಹಾಕ್ತಿದ್ದೋ. ಈ ಗಿಡ ಇಷ್ಟು ಇರ್ನಿಲ್ಲ."

ಚಳಿಗಾಲ ಮುಗಿಯುವ ಮೊದಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ ಉದುರಿದ ಎಲೆಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ಮೊಣಕಾಲಿನಷ್ಟು ಎತ್ತರ ಬಂದರೆ ಹೆಚ್ಚು. ತರಗು ಸುಟ್ಟು, ಕಳೆಯ ಸಸಿ ಸುಟ್ಟು, ಮಳೆ ಬಿದ್ದ ಕೂಡಲೇ ಎಳೆ ಹುಲ್ಲು ಬರುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ. ಪಕ್ಕದ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮ ಆದಮೇಲೆ ಅಲ್ಲಿ ಬೆಂಕಿ ನಿಂತಿತು, ಲಂಟಾನ ಏರಿತು ಅನ್ನುವುದು ಅಲ್ಲಿನ ಸೋಲಿಗರ ಮಾತು. ಅದನ್ನು ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಹಾಗಂತ ನಾಳೆಯೇ ಬೆಂಕಿ ಹಾಕಿ ಅಂತ ನಾನು ಹೇಳಲಾರೆ. ಈಗ ಒಣಗಿದ ಲಂಟಾನ ಏಣಿಯ ಹಾಗೆ ಮರಕ್ಕೆ ಒರಗಿ ನಿಂತಿದೆ. ಕೆಳಗಿನ ಕಿಡಿಯನ್ನು ನೆತ್ತಿಗೇ ಹತ್ತಿಸುತ್ತದೆ. ಮೊದಲು ಅದನ್ನು ಕೀಳಬೇಕು. ಆಮೇಲೆ ಯಾವ ಜಾಗದಲ್ಲಿ, ಯಾವ ವಾರ, ಎಷ್ಟು ಸುಡಬೇಕು ಅನ್ನುವ ಮಾತು ಬಂದಾಗ ಈ ತಾತನಂಥವರನ್ನು ಮುಂದೆ ಕೂರಿಸಿ ಕೇಳಬೇಕು. ಕೂಲಿಗೆ ಕರೆಯುತ್ತೇವೆ, ಸಲಹೆಗೆ ಕರೆಯುವುದಿಲ್ಲ. ಇದು ನನಗೆ ತುಂಬ ನೋವು ಕೊಟ್ಟ ವಿಷಯ.

ನಡುವೆ ಒಂದು ದಿನ ದಿಂಬಂಗೆ ಹೋಗಿ ಬಂದೆ. ಮಂಜು ಸರಿದಾಗ ಕೆಳಗೆ ಭವಾನಿಸಾಗರದ ನೀರು ಹೊಳೆಯಿತು. 27 ಹೇರ್‌ಪಿನ್ ತಿರುವಿನ ಈ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ, ಮದ್ರಾಸ್ ಹೈಕೋರ್ಟ್ ಆದೇಶದಂತೆ, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ತರಕಾರಿ ಲಾರಿಗಳಿಗೆ ಕಷ್ಟ ಅಂತ ತಾಳವಾಡಿ ಕಡೆಯ ರೈತರಿಗೆ ಬೇಸರ ಇದೆ, ಭಾವನಿಗೂ ಇದೆ. ಕತ್ತಲಲ್ಲಿ ಆ ತಿರುವುಗಳಲ್ಲಿ ಪ್ರಾಣಿಗೆ ದಾರಿ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಊಟದ ಹೊತ್ತಿಗೆ ನಾವಿಬ್ಬರೂ ಇದರ ಬಗ್ಗೆ ಜೋರಾಗಿಯೇ ವಾದ ಮಾಡಿದೆವು.

ಹೊರಡುವ ಹಿಂದಿನ ದಿನ ತಾತ ಇನ್ನೊಂದು ಜಾಗಕ್ಕೆ ಕರೆದುಕೊಂಡು ಹೋದರು. ಮೂರು ವರ್ಷದ ಹಿಂದೆ ಕಿತ್ತು, ಆಮೇಲೆ ಎರಡು ವರ್ಷ ಬಿಡದೆ ಸಸಿ ಆಯ್ದ ಜಾಗ. ಕಷ್ಟ ಇರುವುದೇ ಆ ಎರಡನೇ, ಮೂರನೇ ವರ್ಷದಲ್ಲಿ. ಮೊದಲ ವರ್ಷ ಕೀಳುವುದು ಎಲ್ಲರಿಗೂ ಕಾಣುವ ಕೆಲಸ, ಫೋಟೊಗೂ ಚೆನ್ನ. ಆಮೇಲೆ ಹಕ್ಕಿ ಕೂರುವ ಮರದ ಬುಡ, ನೀರು ಹರಿಯುವ ಹಳ್ಳ ಹುಡುಕಿ ಹುಡುಕಿ ಬೆರಳುದ್ದದ ಸಸಿ ಕೀಳಬೇಕು. ಅದಕ್ಕೆ ದುಡ್ಡು ನಿಂತರೆ ಮೊದಲು ಸುರಿದದ್ದೂ ದಂಡ.

ಅಲ್ಲಿ ಹುಲ್ಲು ಸೊಂಟದ ತನಕ ಇತ್ತು, ತೆನೆ ಕಟ್ಟಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ನಡುವೆ ಕಿರಿದಾದ ಕಾಲುದಾರಿಗಳು. ಜಿಂಕೆ ಮಲಗೆದ್ದು ಹುಲ್ಲು ಒತ್ತಿದ ಗುರುತು. ತಾತ ದಾರಿಯಲ್ಲೇ ನಿಂತು ಏನನ್ನೋ ಕೋಲಿನಿಂದ ಒಡೆದರು. ಆನೆ ಲದ್ದಿ, ಇನ್ನೂ ಒಣಗಿರಲಿಲ್ಲ. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿ ತಗೊಂಡು ಅದನ್ನು ಎರಡು ಮೂರು ಸಲ ಬಿಡಿಸಿ ನೋಡಿದರು. ನಾರು, ಹುಲ್ಲಿನ ಕಾಂಡ, ಒಂದಿಷ್ಟು ಬಿದಿರೆಲೆ. ಜೋಳದ ಕಾಳು ಒಂದೂ ಇರಲಿಲ್ಲ.

"ಹುಲ್ಲೇ ಕನ" ಅಂದರು ತಾತ.

ಭಾವ ಕಡ್ಡಿ ಬಿಸಾಕಿ ಎದ್ದರು. ಹತ್ತು ಹೆಜ್ಜೆ ಹೋದ ಮೇಲೆ ತಾರೆ ಮರದ ಬುಡದಲ್ಲಿ ಬಗ್ಗಿ, ಗೇಣುದ್ದದ ಲಂಟಾನ ಸಸಿಯೊಂದನ್ನು ಬೇರು ಸಮೇತ ಕಿತ್ತು, ಬಂಡೆಯ ಮೇಲೆ ಬೇರು ಮೇಲೆ ಮಾಡಿ ಇಟ್ಟರು.