ಉತ್ತರ ಬಾರದ ಕಡೆ ನಟಿ ಏನು ಮಾಡಬೇಕು?

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನೊಂದು ಏಕವ್ಯಕ್ತಿ ನಾಟಕವನ್ನು ಬರೆಯುತ್ತಿದ್ದೇನೆ. ವಿಷಯ ತಿಳಿದ ಗೆಳೆಯರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಅಷ್ಟು ದೊಡ್ಡ ಅನಾಹುತವನ್ನು ಒಬ್ಬ ನಟಿ ಒಂಟಿಯಾಗಿ ಹೇಗೆ ಹೊರಬಲ್ಲಳು? ಮಡಿಕೇರಿಯವರ ಬಾಯಲ್ಲಿ ಈ ಪ್ರಶ್ನೆ ಸಹಜವಾದದ್ದು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೀದಿಗಿಳಿದು, ಆಳೆತ್ತರ ಮೀರಿದ ಕಲಾಕೃತಿಗಳು ಬೆಳಕು, ಹೊಗೆ, ಧ್ವನಿವರ್ಧಕಗಳ ಅಬ್ಬರದ ನಡುವೆ ಅಸುರಸಂಹಾರ ನಡೆಸುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವರು ನಾವು. ದೊಡ್ಡದನ್ನು ದೊಡ್ಡದಾಗಿಯೇ ತೋರಿಸಬೇಕೆಂಬ ನಂಬಿಕೆ ನಮ್ಮ ಕಣ್ಣಿಗೆ ಅಂಟಿಕೊಂಡಿದೆ. ಆದರೆ ಬೆಟ್ಟ ಕುಸಿಯುವುದನ್ನು ತೋರಿಸುವ ಹೊಣೆಯನ್ನು ಈ ನಾಟಕ ಹೊತ್ತುಕೊಂಡಿಲ್ಲ. ಕುಸಿದ ಮೇಲೆ ಒಬ್ಬ ಹೆಂಗಸಿನೊಳಗೆ ನೆನಪು ಹೇಗೆ ನಡೆದುಕೊಳ್ಳುತ್ತದೆ, ತಾನು ಯಾರೆಂದು ಹೇಳಿಕೊಳ್ಳಲು ಅವಳಿಗೆ ಏನೇನು ಉಳಿದಿದೆ ಎಂಬುದಷ್ಟೇ ಅದರ ವಸ್ತು. ಅದಕ್ಕೆ ಒಂದು ದೇಹ ಸಾಕು. ಎರಡನೆಯದು ಬಂದರೆ ವಸ್ತುವೇ ಕೆಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾಟಕದ ಹೆಂಗಸಿಗೆ ಹೆಸರಿಲ್ಲ. ಮದೆನಾಡು ದಾಟಿ ಸಂಪಾಜೆಯ ಕಡೆಗೆ ಇಳಿಯುವಾಗ ಸಿಗುವ ಜೋಡುಪಾಲ, ಮೊಣ್ಣಂಗೇರಿಗಳ ಆಸುಪಾಸಿನವಳು. ಮನೆಯಲ್ಲಿ ಇಲ್ಲಿನ ಗೌಡರ ಆಡುಮಾತಾದ ಅರೆಭಾಷೆ, ಕಚೇರಿಯಲ್ಲಿ ಕನ್ನಡ ಆಡುವವಳು. ಅರವತ್ತರ ಹತ್ತಿರದ ವಯಸ್ಸು. ಅವಳು ಪೂರ್ತಿಯಾಗಿ ಕಲ್ಪನೆಯ ಪಾತ್ರ. ಆ ಮಳೆಯಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರಿನ ಕಡೆಗಳಲ್ಲಿ ಮನೆ, ತೋಟ, ಮನೆಯವರನ್ನು ಕಳೆದುಕೊಂಡವರು ನಮಗೆ ಅಪರಿಚಿತರಲ್ಲ. ಸಂತೆಯಲ್ಲಿ, ಮದುವೆ ಮನೆಯಲ್ಲಿ ಎದುರಾಗುವವರು. ಪರಿಹಾರ ಕೇಂದ್ರಗಳಲ್ಲಿ, ಕಚೇರಿಗಳ ಮುಂದೆ, ಕ್ಯಾಮೆರಾಗಳ ಮುಂದೆ ತಮ್ಮ ಕಥೆಯನ್ನು ಹೇಳಿ ಹೇಳಿ ಅವರು ದಣಿದಿದ್ದಾರೆ. ಆದ್ದರಿಂದ ಯಾರ ಮನೆಯ ಕದವನ್ನೂ ತಟ್ಟಿ ಕಥೆ ಕೇಳಬಾರದು, ಯಾರ ಬದುಕನ್ನೂ ಗುರುತು ಹತ್ತುವಂತೆ ರಂಗಕ್ಕೆ ತರಬಾರದು ಎಂದು ಬರೆಯಲು ಕೂರುವ ಮೊದಲೇ ನಿಶ್ಚಯಿಸಿಕೊಂಡೆ. ನಾಟಕ ನಡೆಯುವುದು ಪುನರ್ವಸತಿ ಬಡಾವಣೆಯ ಒಂದು ಮನೆಯಲ್ಲಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ದಾಖಲೆ ನೋಡಲು ಅಧಿಕಾರಿಯೊಬ್ಬರು ಬರುವವರಿದ್ದಾರೆ. ಅವರಿಗೆ ಕೊಡಲೆಂದು ಅವಳು ಒಲೆಯ ಮೇಲೆ ಆಟಿ ಸೊಪ್ಪಿನ ಪಾಯಸ ಇಟ್ಟಿದ್ದಾಳೆ. ಹೊರಗಿನ ಘಟನೆ ಇಷ್ಟೇ.

ಏಕವ್ಯಕ್ತಿ ಪ್ರಯೋಗವೆಂದರೆ ಹೊರಗಿನಿಂದ ಬಂದ ಪ್ರಕಾರ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ, ಅಂದರೆ ನಾಟಕದ ಬಗೆಗಳಲ್ಲಿ, ಭಾಣವೂ ಒಂದು. ಒಂದೇ ಅಂಕ, ಒಬ್ಬನೇ ನಟ. ಆ ನಟ ಬೀದಿಯಲ್ಲಿ ನಡೆಯುತ್ತ, ಕಾಣದ ಜನರನ್ನು ಮಾತಾಡಿಸುತ್ತಾನೆ, ‘ಏನೆನ್ನುತ್ತೀಯೆ?’ ಎಂದು ಕೇಳಿ ಕಿವಿಗೊಡುತ್ತಾನೆ, ಬಂದ ಉತ್ತರವನ್ನು ತಾನೇ ಮರುನುಡಿದು ಮುಂದಿನ ಮಾತಿಗೆ ಹೋಗುತ್ತಾನೆ. ಈ ಕ್ರಮಕ್ಕೆ ಆಕಾಶಭಾಷಿತವೆಂದು ಹೆಸರು. ಭಾಣದಲ್ಲಿ ಎರಡು ಬಗೆಯನ್ನೂ ಶಾಸ್ತ್ರ ಗುರುತಿಸುತ್ತದೆ: ತಾನು ಅನುಭವಿಸಿದ್ದನ್ನು ಹೇಳುವುದು ಒಂದು, ಪರರ ಸಂಗತಿಯನ್ನು ವರ್ಣಿಸುವುದು ಇನ್ನೊಂದು. ಬಹುಪಾಲು ವಿಟರ ವಿನೋದಕ್ಕೆ ಬಳಕೆಯಾದ ಈ ಪ್ರಕಾರ, ಆಘಾತಕ್ಕೆ ಸಿಕ್ಕಿದ ಮನಸ್ಸನ್ನು ಹಿಡಿಯಲು ಇಷ್ಟು ಹೊಂದುತ್ತದೆಯೆಂದು ನನಗೆ ತೋರಿದ್ದು ಈ ನಾಟಕದ ಕೆಲಸದಲ್ಲಿಯೇ. ಇಪ್ಪತ್ತನೆಯ ಶತಮಾನದ ರಂಗಭೂಮಿ ಒಂಟಿ ಪಾತ್ರದ ಎದುರು ಅದರದೇ ಇನ್ನೊಂದು ದನಿಯನ್ನು ನಿಲ್ಲಿಸಲು ಯಂತ್ರದ ನೆರವು ಪಡೆಯಿತು. 1958ರಲ್ಲಿ ರಂಗಕ್ಕೆ ಬಂದ, ಐರಿಶ್ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ ‘ಕ್ರಾಪ್ಸ್ ಲಾಸ್ಟ್ ಟೇಪ್’ ಎಂಬ ಕಿರುನಾಟಕದಲ್ಲಿ ಅರವತ್ತೊಂಬತ್ತರ ಮುದುಕನು ಮೂವತ್ತೊಂಬತ್ತರ ವಯಸ್ಸಿನಲ್ಲಿ ಮುದ್ರಿಸಿಟ್ಟ ತನ್ನ ದನಿಯನ್ನು ಟೇಪಿನಲ್ಲಿ ಕೇಳುತ್ತಾನೆ. ನಮ್ಮ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ದಲ್ಲಿ ಲೇಖಕಿಯನ್ನು ಅವಳದೇ ಬಿಂಬ ಪರದೆಯ ಮೇಲಿನಿಂದ ಪ್ರಶ್ನಿಸುತ್ತದೆ. ಎರಡೂ ನಾನು ಗೌರವದಿಂದ ಕಾಣುವ ಕೃತಿಗಳು. ಆದರೆ ನನ್ನ ಹೆಂಗಸಿನ ಬಳಿ ಮುದ್ರಿಸಿಟ್ಟ ದನಿಯಿಲ್ಲ, ಚಿತ್ರವಿಲ್ಲ. ಇದ್ದ ಆಲ್ಬಮ್ಮು ಮನೆಯೊಂದಿಗೇ ಹೋಗಿದೆ. ಅವಳಿಗೆ ಆಕಾಶಭಾಷಿತವೊಂದೇ ಗತಿ.

ನಾಟಕದ ಮೊದಲರ್ಧದಲ್ಲಿ ಈ ತಂತ್ರ ಶಾಸ್ತ್ರೋಕ್ತವಾಗಿಯೇ ನಡೆಯುತ್ತದೆ. ಅವಳು ಅತ್ತೆಯನ್ನು ಕೂಗುತ್ತಾಳೆ: “ಅತ್ತೆ, ಕೊಟ್ಟಿಗೆಯಲ್ಲಿ ಹಸುವಿನ ಹಗ್ಗ ಬಿಚ್ಚಿದಿರಾ?” ಕಿವಿಗೊಡುತ್ತಾಳೆ. “ಬಿಚ್ಚಿ ಆಯ್ತು ಅಂತೀರಾ? ಸರಿ ಹಾಗಾದರೆ.” ಪಕ್ಕದ ಮನೆಯ ಭಾವನೊಂದಿಗೆ ಮಳೆಯ ಮಾತು, ಮೈಸೂರಿನಲ್ಲಿ ಓದುವ ಮಗಳೊಂದಿಗೆ ಫೋನಿನ ಮಾತು, ಅಂಗಡಿಯವನೊಂದಿಗೆ ಕರಿಮೆಣಸಿನ ಬೆಲೆಯ ಮಾತು, ಎಲ್ಲರ ಉತ್ತರಗಳೂ ಅವಳ ಬಾಯಿಂದಲೇ ಬಂದು ಊರೊಂದು ಕಟ್ಟಿಕೊಳ್ಳುತ್ತದೆ, ಪ್ರೇಕ್ಷಕರಿಗೆ ಕೇಳುವ ಅಭ್ಯಾಸ ಬೀಳುತ್ತದೆ. ಆ ಅಭ್ಯಾಸ ಗಟ್ಟಿಯಾದ ಮೇಲೆ ಅವಳು ಕೇಳುತ್ತಾಳೆ: “ಅತ್ತೆ, ನೀವು ಮುಂದೆ ನಡೀತೀರಾ, ನಾನು ನಡೀಲಾ?” ಕಿವಿಗೊಡುತ್ತಾಳೆ. ಉತ್ತರ ಬಂತೆಂಬುದು ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಅವಳು ಮರುನುಡಿಯುವುದಿಲ್ಲ. ಸೌಟು ತೆಗೆದುಕೊಂಡು ಪಾಯಸ ತಿರುವುತ್ತಾಳೆ, ಬೆಲ್ಲ ಸಾಲದೆಂದು ಹೇಳುತ್ತಾಳೆ.

ಇಡೀ ನಾಟಕ ನಿಂತಿರುವುದು ಈ ಜಾಗದ ಮೇಲೆ. ಮುಂದೆ ಇದೇ ಪ್ರಶ್ನೆಗೆ ಅವಳು ಬೇರೆ ಬೇರೆ ದಾರಿಯಿಂದ ಮರಳಿ ಬರುತ್ತಾಳೆ, ಪ್ರತಿ ಸಲವೂ ಕೇಳಿಸಿಕೊಳ್ಳುತ್ತಾಳೆ, ಪ್ರತಿ ಸಲವೂ ಬೇರೊಂದು ಕೆಲಸಕ್ಕೆ ಕೈ ಹಾಕುತ್ತಾಳೆ. ಪಾತ್ರ ವಹಿಸಲಿರುವ ನಟಿ ನನ್ನನ್ನು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: ಅತ್ತೆ ಏನೆಂದಳು? ಅದನ್ನು ನಾನು ಬರೆದಿಲ್ಲ. ನೀವೇ ನಿಶ್ಚಯಿಸಿಕೊಳ್ಳಿ, ನನಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದೇನೆ. ನಟಿಗೆ ಉತ್ತರ ಗೊತ್ತಿರದಿದ್ದರೆ ಕಿವಿಗೊಡುವ ಆ ಕ್ಷಣ ಬರಿಯ ಮೌನವಾಗುತ್ತದೆ, ಮೌನವನ್ನು ಯಾವ ನಟಿಯೂ ಆಡಬಹುದು; ಗೊತ್ತಿದ್ದೂ ಹೇಳದೆ ಇರುವುದಕ್ಕೆ ಬೇರೆಯದೇ ಶಕ್ತಿ ಬೇಕು. ಮತ್ತು ಇಲ್ಲಿ ಅತ್ತೆಯ ಪಾತ್ರಕ್ಕೆ ಇನ್ನೊಬ್ಬ ನಟಿ ಬಂದು ನಿಂತರೆ ಅವಳು ಏನಾದರೂ ಹೇಳಲೇಬೇಕಾಗುತ್ತದೆ, ಇಲ್ಲವೇ ಹೇಳದೆ ಇರುವುದು ಅತ್ತೆಯ ಆಯ್ಕೆಯಾಗಿಬಿಡುತ್ತದೆ. ನನಗೆ ಒಂದೇ ದೇಹ ಬೇಕೆಂಬುದಕ್ಕೆ ಕಾರಣ ಇದು.

ನೆನಪಿನ ಬಗ್ಗೆ ಓದಿದವರಿಗೆ, ಕೇಳಿಸಿದ್ದಕ್ಕೂ ಹೇಳಲಾಗುವುದಕ್ಕೂ ನಡುವಿನ ಈ ಬಿರುಕು ಹೊಸದಲ್ಲ. ನೆನಪೆಂದರೆ ಇಟ್ಟಿದ್ದನ್ನು ಇಟ್ಟಂತೆಯೇ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂದು ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿಯೇ ತೋರಿಸಿದ. ಆಘಾತದ ನಂತರ ಕಾಡುವ ತೊಂದರೆಗಳು ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಪ್ರತ್ಯೇಕ ಹೆಸರಿನಿಂದ ಸೇರಿದ್ದು 1980ರಲ್ಲಿ. ಅಂಥ ನೆನಪು ಕಥೆಯ ರೂಪದಲ್ಲಿ ಬರುವುದು ಕಡಿಮೆ. ವಾಸನೆ, ಸದ್ದು, ಮೈಯ ನಡುಕವಾಗಿ, ಈಗಲೇ ನಡೆಯುತ್ತಿದೆಯೆಂಬಂತೆ ಬರುತ್ತದೆ. ನಾಟಕದಲ್ಲಿ ನಾನು ಇದನ್ನು ಪಾಯಸದಲ್ಲಿ ಇಟ್ಟಿದ್ದೇನೆ. ಆಟಿ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುವುದನ್ನು ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕೊಡವರ ಕಕ್ಕಡ ಹದಿನೆಂಟೂ ಅದೇ ದಿನ, ಆ ಸೊಪ್ಪು ಬೇಯುವಾಗಿನ ಗಾಢ ವಾಸನೆ ಎಲ್ಲರ ಅಡುಗೆಮನೆಯದು. ಗುಡ್ಡ ಜಾರಿದ್ದು ಅದಾಗಿ ಎರಡು ವಾರಗಳ ಬಳಿಕ. ಆದರೆ ಅವಳ ನೆನಪಿನಲ್ಲಿ ಎರಡೂ ಒಂದೇ ದಿನವಾಗಿವೆ. ಮನೆ ಬಿಟ್ಟು ಓಡುವಾಗ ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತೆಂದು ಅವಳು ಖಚಿತವಾಗಿ ಹೇಳುತ್ತಾಳೆ, ನೆರೆಯವರು ತಿದ್ದಿದರೂ ಒಪ್ಪುವುದಿಲ್ಲ. ನಾಟಕವೂ ಅವಳನ್ನು ತಿದ್ದುವುದಿಲ್ಲ. ಲೆಕ್ಕ ತಪ್ಪಿದೆಯೆಂದು ಪ್ರೇಕ್ಷಕರಿಗೆ ತಿಳಿಯುತ್ತದೆ, ತಿಳಿದೂ ಅವಳ ಮಾತನ್ನು ನಂಬದಿರಲಾಗುವುದಿಲ್ಲ. ರಂಗದ ಮೇಲೆ ನಿಜವಾಗಿಯೂ ಪಾಯಸ ಬೇಯಬೇಕು, ವಾಸನೆ ಕೊನೆಯ ಸಾಲಿನವರೆಗೆ ಹೋಗಬೇಕು ಎಂಬುದು ನನ್ನ ಹಟ.

ಸದ್ದಿನ ವಿಷಯದಲ್ಲಿ ಹಟ ಇದಕ್ಕೆ ವಿರುದ್ಧವಾಗಿದೆ. ಗುಡುಗು, ಜಾರುವ ಮಣ್ಣು, ಮುರಿಯುವ ಮರ ಯಾವುದರ ಮುದ್ರಿತ ಸದ್ದೂ ನಾಟಕದಲ್ಲಿಲ್ಲ. ಪ್ರೇಕ್ಷಕರ ನಡುವೆ ಆ ಸದ್ದನ್ನು ಸ್ವತಃ ಕೇಳಿದವರು ಕುಳಿತಿರುತ್ತಾರೆ. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಆಗಸ್ಟ್‌ನಲ್ಲಿಯೇ ಗುಡ್ಡ ಕುಸಿದದ್ದರಿಂದ, ಆ ತಿಂಗಳು ಬಂತೆಂದರೆ ರಾತ್ರಿಯ ಮಳೆಗೆ ಎದ್ದು ಕೂರುವವರು ಈ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಅವರನ್ನು ಬೆಚ್ಚಿಬೀಳಿಸಿ ಕಣ್ಣೀರು ತರಿಸುವುದು ಸುಲಭ, ಅದು ಕಲೆಯ ಹೆಸರಿನಲ್ಲಿ ಮಾಡುವ ಹಿಂಸೆ. ನೋವನ್ನು ಒಮ್ಮೆ ಪೂರ್ತಿ ಹೊರಹಾಕಿಸಿದರೆ ಮನಸ್ಸು ಹಗುರಾಗುತ್ತದೆಂಬ ಜನಪ್ರಿಯ ನಂಬಿಕೆಯೂ ನಮ್ಮ ರಂಗದಲ್ಲಿ ಬಲವಾಗಿದೆ. ಅನಾಹುತವಾದ ಕೂಡಲೇ ಸಂತ್ರಸ್ತರನ್ನು ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. 2011ರಲ್ಲಿ ಅದು ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ, ಹೇಳಿಕೊಳ್ಳುವಂತೆ ಒತ್ತಾಯಿಸದೆ, ಹೇಳಬಯಸಿದರೆ ಕೇಳಿಸಿಕೊಳ್ಳಿ ಎನ್ನುತ್ತದೆ. ನಾಟಕಕಾರರೂ ತಮ್ಮ ಪಾತ್ರಗಳಿಗೆ ಇಷ್ಟು ಮರ್ಯಾದೆ ಕೊಡಬೇಕು. ಕೊನೆಯ ದೃಶ್ಯದಲ್ಲಿ ಎಲ್ಲವನ್ನೂ ಬಾಯಿ ಬಿಡಿಸಿ ಪಾತ್ರವನ್ನು ‘ಗುಣಪಡಿಸುವ’ ನಾಟಕಗಳು ನನಗೆ ಸುಳ್ಳಾಗಿ ಕಾಣುತ್ತವೆ.

ಇನ್ನು ಗುರುತಿನ ಮಾತು. ಅವಳ ತೊಡೆಯ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಇದೆ, ಪಡಿತರ ಚೀಟಿ ಇದೆ, ಪಹಣಿ ಇದೆ. ಪಹಣಿಯಲ್ಲಿ ಸರ್ವೆ ನಂಬರು, ಎಕರೆ, ಸೆಂಟು, ಕಾಫಿ ಎಂದು ಬೆಳೆ, ಗಂಡನ ಹೆಸರು ಎಲ್ಲವೂ ಸರಿಯಾಗಿವೆ. ಆ ನಂಬರಿನ ಜಾಗ ಮಾತ್ರ ಹೊಳೆಗೆ ಇಳಿದುಹೋಗಿದೆ. ಗಡಿಕಲ್ಲೂ ಇಲ್ಲ, ಗಡಿಯೂ ಇಲ್ಲ. ಮನೆತನದ ಹೆಸರು ಹೇಳಿದ ಕೂಡಲೇ ‘ಯಾವ ಊರಿನವರು, ಯಾರ ಪೈಕಿ’ ಎಂದು ಜಾಗವನ್ನೇ ಕೇಳುವ ಈ ನಾಡಿನಲ್ಲಿ, ಜಾಗವೇ ಇಲ್ಲವಾದ ಮೇಲೆ ಅವಳು ಏನೆಂದು ಹೇಳಬೇಕು? ಅಧಿಕಾರಿಗೆ ಒಪ್ಪಿಸಲೆಂದು ಅವಳು ಕನ್ನಡದಲ್ಲಿ ಮಾತನ್ನು ಅಭ್ಯಾಸ ಮಾಡಿಕೊಳ್ಳುತ್ತಾಳೆ: “ಸಾರ್, ನಾವು ಅಲ್ಲಿಯವರು.” ಅತ್ತೆಯೊಂದಿಗೆ ಮಾತು ಬಂದಾಗ ಅರೆಭಾಷೆಗೆ ಹೊರಳುತ್ತಾಳೆ. ನಾಟಕ ಮುಂದುವರಿದಂತೆ ಎರಡರ ನಡುವಿನ ಗೋಡೆ ತೆಳುವಾಗಿ, ಇನ್ನೂ ಬಂದಿರದ ಅಧಿಕಾರಿಗೆ ಅರೆಭಾಷೆಯಲ್ಲಿಯೂ ಇಲ್ಲದ ಅತ್ತೆಗೆ ಕಚೇರಿಯ ಕನ್ನಡದಲ್ಲಿಯೂ ಉತ್ತರ ಕೊಡತೊಡಗುತ್ತಾಳೆ. ಈ ಭಾಗವನ್ನು ಬರೆಯುವುದೇ ನನಗೆ ಅತ್ಯಂತ ಪ್ರಿಯವಾದ ಕೆಲಸ.

ಅವಳ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಇದ್ದ ಕೆಲಸದಾಕೆಯ ಬಳಿ ಇಷ್ಟು ಕಾಗದವೂ ಇರಲಿಲ್ಲ. ತನ್ನದೆಂಬ ಸರ್ವೆ ನಂಬರು ಇಲ್ಲದವಳು ಏನನ್ನು ಕಳೆದುಕೊಂಡಳೆಂದು ಯಾವ ಅರ್ಜಿಯಲ್ಲಿ ಬರೆಯುವುದು? ಭಾಣದ ಎರಡನೆಯ ಬಗೆ, ಪರರ ಸಂಗತಿಯನ್ನು ಹೇಳುವುದು, ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ನಾಟಕದ ಹೆಂಗಸು ಕೆಲಸದಾಕೆಯನ್ನು ಕರೆದು ಮಾತಾಡಿಸುತ್ತಾಳೆ, ಉತ್ತರಗಳನ್ನು ಸರಾಗವಾಗಿ ಮರುನುಡಿಯುತ್ತಾಳೆ: ಹೌದಕ್ಕ, ಆಯ್ತಕ್ಕ, ನಾಳೆ ಬರ್ತೇನಕ್ಕ. ನಿನ್ನ ತಾಯಿಯ ಊರು ಯಾವುದು ಎಂದು ಕೇಳಿದಾಗ ಮಾತ್ರ ಏನೂ ಕೇಳಿಸುವುದಿಲ್ಲ. ಅತ್ತೆಯ ಉತ್ತರ ಕೇಳಿಸಿಯೂ ಬಾಯಿಗೆ ಬಾರದು. ಇವಳದು ಕೇಳಿಸುವುದೇ ಇಲ್ಲ, ಏಕೆಂದರೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿದ್ದಿಲ್ಲ. ಎರಡು ಮೌನಗಳೂ ಪ್ರೇಕ್ಷಕರಿಗೆ ಬೇರೆ ಬೇರೆಯಾಗಿ ತಿಳಿಯುವಂತೆ ಆಡುವುದು ನಟಿಗಿರುವ ದೊಡ್ಡ ಸವಾಲು.

ಒಬ್ಬನ ಮೈಯಲ್ಲಿ ಇನ್ನೊಬ್ಬರು ಬಂದು ನುಡಿಯುವುದು ನಮ್ಮಲ್ಲಿ ಇದ್ದೇ ಇದೆ, ದೈವವನ್ನೋ ಗತಿಸಿದ ಹಿರಿಯರನ್ನೋ ಮೈಮೇಲೆ ಆವಾಹಿಸಿಕೊಳ್ಳುವ, ತೆರೆ ಕಟ್ಟುವ ಕ್ರಮವನ್ನು ರಂಗಕ್ಕೆ ತರಬಾರದೇಕೆ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ಆ ಸಲಹೆಯನ್ನು ಬಹಳ ಯೋಚಿಸಿ ಬಿಟ್ಟಿದ್ದೇನೆ. ತೆರೆ ಆರಾಧನೆ, ಕಟ್ಟುವವರಿಗೂ ನೆರೆದವರಿಗೂ ಅದರ ಕಟ್ಟುಪಾಡುಗಳಿವೆ, ಟಿಕೆಟ್ಟಿನ ರಂಗದಲ್ಲಿ ಅದನ್ನು ಅಲಂಕಾರವಾಗಿ ಬಳಸುವುದು ನನಗೆ ಸರಿಕಾಣುವುದಿಲ್ಲ. ಇನ್ನೂ ಮುಖ್ಯವಾದ ಕಾರಣವೆಂದರೆ, ಅಲ್ಲಿ ಬರುವ ದನಿಗೆ ಅಧಿಕಾರವಿದೆ. ಅದು ಕುಟುಂಬದವರನ್ನು ಕರೆಯುತ್ತದೆ, ಗದರುತ್ತದೆ, ಅಭಯ ಕೊಡುತ್ತದೆ. ನನ್ನ ಹೆಂಗಸಿಗೆ ಕೇಳಿಸುವ ದನಿ ಏನನ್ನೂ ಇತ್ಯರ್ಥ ಮಾಡುವುದಿಲ್ಲ. ಹಗ್ಗ ಬಿಚ್ಚಿದೆಯಾ, ಮುಂದೆ ನಡೆಯಲಾ ಎಂಬಷ್ಟರಲ್ಲಿಯೇ ಸುತ್ತುತ್ತಿರುತ್ತದೆ.

ಕರಡಿನಲ್ಲಿ ಈಗ ಉಳಿದಿರುವ ತೊಡಕು ಮುಕ್ತಾಯದ್ದು. ಅಧಿಕಾರಿ ಬರುವಂತೆ ಮಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಅವರು ಬರುತ್ತಾರೆ. ಬಾರದೆ ಹೋದರೆ ನಾಟಕವೆಲ್ಲ ಕಾಯುವಿಕೆಯ ಕಥೆಯಾಗಿ, ಕಚೇರಿಯ ಮೇಲಿನ ದೂರಾಗಿ ಮುಗಿಯುತ್ತದೆ. ಬಂದು, ಕಾಣದ ಆ ಮನುಷ್ಯ ಬೆಂಚಿನ ಮೇಲೆ ಕುಳಿತು, ಮರ್ಯಾದೆಯಿಂದಲೇ ಅವಳ ಹೆಸರು, ಗಂಡನ ಹೆಸರು, ಊರು ಕೇಳುತ್ತಾನೆ. ಅವಳು ಪ್ರಶ್ನೆಗಳನ್ನು ಮರುನುಡಿದು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೆ ಏನು ಹೇಳುತ್ತಾಳೆಂಬುದು ನನಗಿನ್ನೂ ಹೊಳೆದಿಲ್ಲ. ಮಳೆಗಾಲ ಕಳೆದು ಕಾಫಿ ಕೊಯ್ಲು ಮುಗಿದ ಮೇಲೆ, ಮಡಿಕೇರಿಯಲ್ಲಿ ಒಂದು ಚಿಕ್ಕ ಕೋಣೆಯಲ್ಲಿ ಕರಡಿನ ಓದು ಇಟ್ಟುಕೊಳ್ಳುವ ಆಲೋಚನೆಯಿದೆ. ಮುನ್ಸೂಚನೆಯಿಲ್ಲದೆ ಯಾರೂ ಈ ವಸ್ತುವಿನ ಎದುರು ಕೂರಬಾರದೆಂದು ಆಹ್ವಾನದಲ್ಲಿಯೇ ಎಲ್ಲವನ್ನೂ ತಿಳಿಸುತ್ತೇನೆ, ನಡುವೆ ಎದ್ದು ಹೋಗುವವರಿಗೆ ಬಾಗಿಲು ತೆರೆದೇ ಇರುತ್ತದೆ. ಅರೆಭಾಷೆಯನ್ನು ಹುಟ್ಟಿನಿಂದ ಆಡುವವರು ಬಂದು ಆ ಭಾಗದ ಮಾತುಗಳನ್ನು ಕೇಳಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.