ಹಳೆಯ ಜಪಾನಿ ಹಾಡುಗಳು: ಯಾರಿಗೆ ಯಾವುದು, ಯಾವ ಆವೃತ್ತಿ, ಯಾವ ಶ್ರುತಿ

ಜಪಾನಿನ ಮಧ್ಯವಯಸ್ಕರೊಬ್ಬರಿಗೆ ಹಳೆಯ ಹಾಡುಗಳ ಪಟ್ಟಿ ಮಾಡಿಕೊಡಬೇಕಿದ್ದರೆ ಮೊದಲು ಕೇಳಬೇಕಾದ್ದು ಹುಟ್ಟಿದ ಇಸವಿ. ಅದಕ್ಕೆ 13ರಿಂದ 18ರವರೆಗೆ ಕೂಡಿಸಿ. ಪಟ್ಟಿಯ ಮುಕ್ಕಾಲು ಪಾಲು ಆ ಆರು ವರ್ಷಗಳಲ್ಲೇ ಸಿಕ್ಕಿಬಿಡುತ್ತದೆ. 1965ರಲ್ಲಿ ಹುಟ್ಟಿದವರಿಗೆ 1978ರಿಂದ 83: ಸದರ್ನ್ ಆಲ್ ಸ್ಟಾರ್ಸ್ ಬ್ಯಾಂಡು ಕಾಲಿಟ್ಟದ್ದು 1978ರಲ್ಲಿ, ಗಾಯಕಿ ಮಾತ್ಸುದಾ ಸೆಯ್ಕೊ 1980ರಲ್ಲಿ, ತೆರಾವೊ ಅಕಿರಾ ಅವರ 'ರೂಬಿ ನೊ ಯುಬಿವಾ' ಬಂದದ್ದು 1981ರಲ್ಲಿ. 1972ರವರಿಗೆ ಬ್ಯಾಂಡುಗಳ ಭರಾಟೆ: ಬೋಯಿ, ಬ್ಲೂ ಹಾರ್ಟ್ಸ್, ಪ್ರಿನ್ಸೆಸ್ ಪ್ರಿನ್ಸೆಸ್, ಜೊತೆಗೆ ಹೊಸ ಬ್ಯಾಂಡುಗಳನ್ನು ಸಾಲಾಗಿ ವೇದಿಕೆಗೆ ತಂದ ಟಿಬಿಎಸ್ ವಾಹಿನಿಯ 'ಇಕಾತೆನ್' (1989–90). 1979ರವರಿಗೆ ಜಾರ್ಡ್, ಮಿಸ್ಟರ್ ಚಿಲ್ಡ್ರನ್, ಸ್ಪಿಟ್ಸ್, ಮತ್ತೆ ಸಂಗೀತ ಸಂಯೋಜಕ ಕೊಮುರೊ ತೆತ್ಸುಯಾ ಮುಟ್ಟಿದ್ದೆಲ್ಲ.

'ನಲವತ್ತು ದಾಟಿದವರ ಹಾಡುಗಳು' ಎಂದು ಎಲ್ಲವನ್ನೂ ಒಂದೇ ರಾಶಿ ಹಾಕುವವರು ಎಡವುವುದು ಇಲ್ಲೇ. ಇಬ್ಬರ ನಡುವೆ ಹನ್ನೆರಡು ವರ್ಷದ ಅಂತರವಿದ್ದರೆ ಇಬ್ಬರೂ ಬಾಯಿಪಾಠವಾಗಿ ಬಲ್ಲ ಹಾಡುಗಳು ಬೆರಳೆಣಿಕೆಯಷ್ಟೇ. ಜಾಹೀರಾತಿನಿಂದಲೋ ಧಾರಾವಾಹಿಯಿಂದಲೋ ಮತ್ತೆ ಮರಳಿದ ಹಾಡುಗಳು ಇದಕ್ಕೆ ಅಪವಾದ. ಯಮಾಶಿತಾ ತಾತ್ಸುರೊ ಅವರ 'ಕ್ರಿಸ್‌ಮಸ್ ಈವ್' 1983ರದು. ಜೆಆರ್ ತೊಕಾಯ್ ರೈಲ್ವೆಯ ಜಾಹೀರಾತು ಸೇರಿದ ಮೇಲೆ 1989ರಲ್ಲಿ ಅದು ಮೊದಲ ಸ್ಥಾನಕ್ಕೇರಿತು, ಹಾಗಾಗಿ ಎರಡು ತಲೆಮಾರಿಗೂ ಅದು 'ನಮ್ಮ ಹಾಡು'.

ಸಿಟಿ ಪಾಪ್, ಅಂದರೆ 1970–80ರ ದಶಕಗಳ ನಗರದ ಧಾಟಿಯ ಜಪಾನಿ ಪಾಪ್, ಅದರ ವಿಷಯದಲ್ಲೂ ಒಂದು ಮಾತು. ಮಾತ್ಸುಬಾರಾ ಮಿಕಿ ಅವರ 'ಮಯೊನಾಕಾ ನೊ ಡೋರ್' (1979), ತಾಕೆಉಚಿ ಮರಿಯಾ ಅವರ 'ಪ್ಲಾಸ್ಟಿಕ್ ಲವ್' (1984) ಈಗ ಜಗತ್ತಿನಾದ್ಯಂತ ಓಡುತ್ತಿವೆ. ಆ ಕಾಲದಲ್ಲಿ ಇವು ಮನೆಮನೆಯ ಹಾಡುಗಳಾಗಿರಲಿಲ್ಲ. ಅರವತ್ತರ ಹತ್ತಿರ ಬಂದವರಿಗೆ ಇವನ್ನು ಹಾಕಿ, ಕಣ್ಣು ಅರಳಲಿಲ್ಲವೆಂದು ಬೇಸರಪಟ್ಟುಕೊಳ್ಳಬೇಡಿ. ಹಾಡುಗಳು ಚೆನ್ನಾಗಿವೆ, ನೆನಪು ಮಾತ್ರ ಅವರದಲ್ಲ.

ಹಾಡು ಗೊತ್ತಾದ ಮೇಲೆ ಆವೃತ್ತಿ ನೋಡಿ. ಒಂದೇ ಹಾಡಿಗೆ ಸಿಂಗಲ್ ರೂಪ (ಆಲ್ಬಂನಿಂದ ಬೇರೆಯಾಗಿ ಬಿಡುಗಡೆಯಾದದ್ದು), ಆಲ್ಬಂ ರೂಪ, ನೇರ ಕಛೇರಿಯ ರೂಪ, ಎಷ್ಟೋ ವರ್ಷಗಳ ನಂತರ ಅದೇ ಗಾಯಕರು ಮತ್ತೆ ಹಾಡಿದ 'ಸೆಲ್ಫ್ ಕವರ್' ಇರುತ್ತವೆ. ಸ್ಟ್ರೀಮಿಂಗ್‌ನಲ್ಲಿ ಹುಡುಕಿದಾಗ ಮೇಲೆ ಬರುವುದು ಬೇಕಾದದ್ದೇ ಆಗಿರಬೇಕೆಂದಿಲ್ಲ. ಮೂರು ಗುರುತು ನೋಡಿದರೆ ಸಾಕು: ಬಿಡುಗಡೆಯ ವರ್ಷ, ಹಾಡಿನ ಉದ್ದ, ಶುರುವಿನ ಹತ್ತು ಸೆಕೆಂಡು. ಈ ಹಾಡುಗಳ ನೆನಪು ಕೂತಿರುವುದು ಬಹುಪಾಲು ಆ ಆರಂಭದಲ್ಲೇ. ಒದಾ ಕಾಜುಮಾಸಾ ಅವರ 'ಲವ್ ಸ್ಟೋರಿ ವಾ ತೊತ್ಸುಜೆನ್ ನಿ' (1991) ಹಾಡನ್ನು ತೆಗೆದುಕೊಳ್ಳಿ. ಸಾಹಾಶಿ ಯೊಶಿಯುಕಿ ನುಡಿಸಿದ ಗಿಟಾರಿನ ಆ ಮೊದಲ ಮೀಟು ಕಿವಿಗೆ ಬಿದ್ದರೆ ಸಾಕು, ಫುಜಿ ಟಿವಿಯ ಸೋಮವಾರ ರಾತ್ರಿ 9ರ ಧಾರಾವಾಹಿ ಕಣ್ಣೆದುರು ಬರುತ್ತದೆ. ಆ ಮೀಟಿಲ್ಲದ ರೂಪ ಕೇಳಿಸಿದರೆ ಹಾಡು ಅದೇ, ಕೆಲಸ ಮಾತ್ರ ಆಗುವುದಿಲ್ಲ.

ಕೆಲವರ ಹಾಡುಗಳು ಸ್ಟ್ರೀಮಿಂಗ್‌ಗೆ ತಡವಾಗಿ ಬಂದವು: ಮಿಸ್ಟರ್ ಚಿಲ್ಡ್ರನ್ 2018ರಲ್ಲಿ, ಸದರ್ನ್ ಆಲ್ ಸ್ಟಾರ್ಸ್ 2019ರಲ್ಲಿ, ಬೀಜ್ ಮತ್ತು ಜಾರ್ಡ್ 2021ರಲ್ಲಿ. ಯಮಾಶಿತಾ ತಾತ್ಸುರೊ ತಮ್ಮ ಹಾಡುಗಳನ್ನು ಕೊಡುವುದಿಲ್ಲವೆಂದು 2022ರಲ್ಲಿ ಸಂದರ್ಶನವೊಂದರಲ್ಲಿ ನೇರವಾಗಿಯೇ ಹೇಳಿದರು. ಅಂಥವರ ಹಾಡು ಬೇಕೆಂದರೆ ತಟ್ಟೆಯೇ ಗತಿ.

ತಟ್ಟೆ ಎಂದರೆ ಹೆಚ್ಚಾಗಿ 8 ಸೆಂ.ಮೀ. ಸಿಡಿ. 1988ರಲ್ಲಿ ಬಂದು 1990ರ ದಶಕದ ಕೊನೆಯವರೆಗೂ ಸಿಂಗಲ್ ಎಂದರೆ ಇದೇ ಆಗಿತ್ತು, ಉದ್ದನೆಯ ಕಾಗದದ ಹೊದಿಕೆಯಲ್ಲಿ, ಸಾವಿರ ಯೆನ್ ಆಸುಪಾಸಿಗೆ. ಒಳಗೆ ಹಿಡಿಯುವುದು ಇಪ್ಪತ್ತು ನಿಮಿಷ ಚಿಲ್ಲರೆ: ಮುಖ್ಯ ಹಾಡು, ಜೊತೆ ಹಾಡು, ಹಲವು ತಟ್ಟೆಗಳಲ್ಲಿ ಮುಖ್ಯ ಹಾಡಿನ ಗಾಯನವಿಲ್ಲದ ರೂಪ. ಈ ಕೊನೆಯದನ್ನು ಕಡೆಗಣಿಸಬೇಡಿ. ಕರೋಕೆ ಯಂತ್ರದ ಸಿಂಥಸೈಜರ್ ನಕಲಿನಂತಲ್ಲ, ಇದು ಸ್ಟುಡಿಯೊದಲ್ಲಿ ಮುದ್ರಿಸಿದ ಅದೇ ವಾದ್ಯಗಳ ಸದ್ದು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು.

ಸಿಡಿ ಪ್ಲೇಯರಿನ ಟ್ರೇಯಲ್ಲಿ ಒಳಗೊಂದು ಚಿಕ್ಕ ವೃತ್ತದ ತಗ್ಗು ಇದ್ದರೆ ಅಲ್ಲಿಡಿ, ಅಷ್ಟೇ. ಸೀಳಿನೊಳಗೆ ತೂರಿಸುವ ಕಾರಿನ ಪ್ಲೇಯರಿಗೋ ಲ್ಯಾಪ್‌ಟಾಪಿಗೋ ಹಾಕಲೇಬೇಡಿ. ಅವುಗಳ ಉರುಳೆಗಳಿಗೆ 12 ಸೆಂ.ಮೀ. ಅಂಚೇ ಬೇಕು, ಚಿಕ್ಕದು ಒಳಹೋಗಿ ಸಿಕ್ಕಿಕೊಂಡರೆ ಯಂತ್ರ ಬಿಚ್ಚಬೇಕಾಗುತ್ತದೆ. ಸುತ್ತ ತೊಡಿಸುವ ಪ್ಲಾಸ್ಟಿಕ್ ಬಳೆ ಸಿಗುತ್ತದೆ, ಆದರೆ ಅದರ ಹಲ್ಲುಗಳು ಸವೆದಿದ್ದರೆ ತಟ್ಟೆ ನಡುವಿನಿಂದ ಜಾರಿ ಓಲಾಡುತ್ತದೆ, ಓದುವಾಗ ತಪ್ಪುತ್ತದೆ.

1980ರ ದಶಕದ ಮೊದಲ ಸಿಡಿಗಳಲ್ಲಿ ಇನ್ನೊಂದು ತೊಡಕು. ಜಪಾನಿನಲ್ಲಿ ಸಿಡಿ ಮಾರಾಟ ಶುರುವಾದದ್ದು 1982ರ ಅಕ್ಟೋಬರ್ 1ರಂದು. ಆ ಕಾಲದ ಅನೇಕ ತಟ್ಟೆಗಳಿಗೆ ಪ್ರಿ-ಎಂಫಸಿಸ್ ಹಾಕಿದ್ದಾರೆ: ಮುದ್ರಿಸುವಾಗ ತಾರ ಕಂಪನಗಳನ್ನು ಎತ್ತಿ, ನುಡಿಸುವಾಗ ಪ್ಲೇಯರು ಅಷ್ಟೇ ಇಳಿಸುವ ಏರ್ಪಾಡು. ತುದಿಯಲ್ಲಿ ಈ ಎತ್ತುವಿಕೆ 10 ಡೆಸಿಬೆಲ್ ಹತ್ತಿರ ಹೋಗುತ್ತದೆ. ಕಂಪ್ಯೂಟರಿಗೆ ನಕಲಿಸಿದಾಗ ಇಳಿಸುವ ಹೆಜ್ಜೆ ತಪ್ಪಿಹೋಗಿ ಸಿಂಬಲ್ ಚುಚ್ಚುತ್ತದೆ, ಗಾಯಕಿಯ 'ಸ' ಸೀಟಿಯಾಗುತ್ತದೆ. 'ಹಳೆಯ ಸಿಡಿ ತೆಳು' ಎಂದು ಬೈಯುವವರಲ್ಲಿ ಕೆಲವರ ಸಮಸ್ಯೆ ಇದೇ. ನಕಲಿಸುವ ತಂತ್ರಾಂಶ ಕೊಡುವ ಕ್ಯೂ ಕಡತದಲ್ಲಿ (ತಟ್ಟೆಯ ಹಾಡುಗಳ ವಿವರವಿರುವ ಪುಟ್ಟ ಪಠ್ಯ ಕಡತ) ಪ್ರಿ-ಎಂಫಸಿಸ್ ಗುರುತು ಇದೆಯೇ ನೋಡಿ. ಕೆಲವು ತಟ್ಟೆಗಳಲ್ಲಿ ಗುರುತು ತಟ್ಟೆಯ ಹಾಡುಗಳ ಸೂಚಿಯಲ್ಲಿ ಇರದೆ ಹಾಡಿನ ಜೊತೆಯಲ್ಲೇ ಸಾಗುವ ಉಪಸಂಕೇತದಲ್ಲಷ್ಟೇ (ಸಬ್‌ಕೋಡ್) ಇರುತ್ತದೆ, ಹಾಗಾಗಿ ಕಿವಿಯನ್ನೂ ನಂಬಿ. ಇದ್ದರೆ 50/15 ಮೈಕ್ರೊಸೆಕೆಂಡಿನ ಡಿ-ಎಂಫಸಿಸ್ ಶೋಧಕ ಹಾಕಿ, ಫಲಿತವನ್ನು 24 ಬಿಟ್‌ನಲ್ಲಿ ಉಳಿಸಿ. ಟ್ರೆಬಲ್ ಗುಂಡಿ ತಿರುಗಿಸಿ ಸರಿಮಾಡಲು ಹೋದರೆ ವಕ್ರರೇಖೆ ಹೊಂದುವುದಿಲ್ಲ.

1985ರ ಹಾಡಿನ ಪಕ್ಕ 1998ರದನ್ನು ಇಟ್ಟರೆ ಎರಡನೆಯದು ಕಿರುಚುತ್ತದೆ. ಸದ್ದಿನ ಮಟ್ಟ ಸಮಮಾಡುವ ರಿಪ್ಲೇಗೇನ್ ಅನ್ನು ಹಾಡು ಹಾಡಿಗೆ ಲೆಕ್ಕ ಹಾಕುವಂತೆ ಹಾಕಿಕೊಳ್ಳಿ. ಬೇರೆ ಬೇರೆ ಕಾಲದ ಹಾಡುಗಳು ಬೆರೆತ ಪಟ್ಟಿಗೆ ಆಲ್ಬಂ ಲೆಕ್ಕದ್ದು ಕೆಲಸಕ್ಕೆ ಬಾರದು.

ಇನ್ನು ಹಾಡುವುದು. ಕೇಳಿ ಸುಮ್ಮನಿರಲು ಈ ಹಾಡುಗಳು ಬಿಡುವುದಿಲ್ಲ. ಜಪಾನಿನವರು ಹಾಡನ್ನು ಎ-ಮೆರೊ, ಬಿ-ಮೆರೊ, ಸಬಿ ಎಂದು ಒಡೆಯುತ್ತಾರೆ: ಮೊದಲ ಚರಣ, ಏರುವ ಮೆಟ್ಟಿಲು, ಪಲ್ಲವಿ. ಎ-ಮೆರೊ ತಗ್ಗಿನಲ್ಲಿ ಹಾಯಾಗಿರುತ್ತದೆ, ಅದನ್ನು ನಂಬಿ ಮೂಲ ಶ್ರುತಿಯಲ್ಲೇ ಹೊರಟವರು ಸಬಿಯಲ್ಲಿ ಸಿಕ್ಕಿಬೀಳುತ್ತಾರೆ. ಎಷ್ಟೋ ಹಾಡುಗಳಲ್ಲಿ ಕೊನೆಯ ಸಬಿ ಅರೆಸ್ವರವೋ ಪೂರ್ಣ ಸ್ವರವೋ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಶ್ರುತಿ ಪರೀಕ್ಷೆ ಮಾಡಬೇಕಾದ್ದು ಕೊನೆಯ ಸಬಿಯಲ್ಲಿ. ಕೊಮುರೊ ಹಾಡುಗಳಲ್ಲಿ ನಡುವೆಯೇ ಶ್ರುತಿ ಬದಲಾಗುತ್ತದೆ. ವಾತಾನಾಬೆ ಮಿಸಾತೊ ಹಾಡಿದ 'ಮೈ ರೆವಲ್ಯೂಷನ್' (1986) ಇದಕ್ಕೆ ಹೆಸರುವಾಸಿ. ಇಂಥದರಲ್ಲಿ ಒಂದು ಭಾಗಕ್ಕೆ ಹೊಂದಿಸಿದ ಶ್ರುತಿ ಇನ್ನೊಂದಕ್ಕೆ ಹೊಂದದೆ ಹೋಗಬಹುದು, ಹಾಗಾಗಿ ಪೂರ್ತಿ ಹಾಡಿಯೇ ತೀರ್ಮಾನಿಸಿ.

ಕರೋಕೆ ಯಂತ್ರದ ಶ್ರುತಿ ಗುಂಡಿಯಲ್ಲಿ ಒಂದು ಅಂಕಿ ಎಂದರೆ ಒಂದು ಅರೆಸ್ವರ. ಇಪ್ಪತ್ತರಲ್ಲಿ ಮೂಲ ಶ್ರುತಿಗೆ ಹಾಡುತ್ತಿದ್ದ ಗಂಡಸರು ಐವತ್ತರಲ್ಲಿ ಕೆಳಗೆ 2ರಿಂದ 4ಕ್ಕೆ ಇಳಿಸಿದರೆ ಅವಮಾನವೇನಿಲ್ಲ. ಎಕ್ಸ್ ಬ್ಯಾಂಡಿನ 'ಕುರೆನಾಯ್' (1989) ಹಾಡಿಗೆ ಅದೂ ಸಾಲದು. ಹೆಂಗಸರ ಹಾಡನ್ನು ಗಂಡಸರು ಹಾಡುವಾಗ ಕೆಳಗೆ 4 ಅಥವಾ 5ರಿಂದ ಶುರುಮಾಡಿ. ಕೆಳಗೆ 5 ಇಟ್ಟು ಗಾಯಕಿಯ ಸ್ಥಾಯಿಯಲ್ಲೇ ಹಾಡಿದರೂ, ಮೇಲೆ 7 ಇಟ್ಟು ಒಂದು ಸ್ಥಾಯಿ ಕೆಳಗೆ ಹಾಡಿದರೂ ಗಂಟಲಿಗೆ ಒಂದೇ. ವಾದ್ಯಗಳಿಗೆ ಹಾಗಲ್ಲ: ಮೇಲೆ 7ಕ್ಕೆ ಗಿಟಾರು ಆಟಿಕೆಯಂತಾಗುತ್ತದೆ, ಕೆಳಗೆ 5ಕ್ಕೆ ಬೇಸ್ ಗಿಟಾರು ಮಸಕಾಗುತ್ತದಾದರೂ ಸಹಿಸಬಹುದು.

ಕೊನೆಯದಾಗಿ ಎರಡನೇ ಚರಣ. 1978ರಿಂದ 1989ರವರೆಗೆ ನಡೆದ 'ದ ಬೆಸ್ಟ್ ಟೆನ್' ಥರದ ಕಾರ್ಯಕ್ರಮಗಳಲ್ಲಿ ಹಾಡುಗಳನ್ನು ಮೊಟಕುಗೊಳಿಸಿ ಹಾಡಿಸುತ್ತಿದ್ದರು. ಟಿವಿಯಿಂದ ಕಲಿತವರಿಗೆ ಮೊದಲ ಚರಣ ನಿದ್ದೆಯಲ್ಲೂ ಬರುತ್ತದೆ, ಎರಡನೆಯದರ ರಾಗದಲ್ಲಿ ಅಕ್ಷರ ಹೆಚ್ಚೋ ಕಮ್ಮಿಯೋ ಆಗಿ ಮುಗ್ಗರಿಸುತ್ತಾರೆ. ಪರದೆಯ ಸಾಲು ಓದಿದರೆ ಸಾಕೆಂದುಕೊಳ್ಳಬೇಡಿ, ಅಕ್ಷರಗಳು ಎಲ್ಲಿ ಒತ್ತೊತ್ತಾಗಿ ಬರುತ್ತವೆಂಬುದನ್ನು ಸಾಲು ಹೇಳುವುದಿಲ್ಲ. ಯಂತ್ರದಲ್ಲಿ ಗೈಡ್ ಮೆಲೊಡಿಯನ್ನು (ಹಾಡಬೇಕಾದ ರಾಗವನ್ನು ನುಡಿಸಿ ತೋರಿಸುವ ಸದ್ದು) ಏರಿಸಿ ಎರಡನೇ ಚರಣವನ್ನಷ್ಟೇ ಎರಡು ಸಲ ಕೇಳಿ, ಆಮೇಲೆ ಅದನ್ನು ಪೂರ್ತಿ ಇಳಿಸಿ ಹಾಡಿ.